ನಮ್ಮ ಬಣ್ಣದವರಿಗೂ ಸ್ಕಿನ್ ಚೆಕ್ ಬೇಕಾ? ಬಿಸಿಲು, ಸುಕ್ಕು, ಚರ್ಮದ ಕ್ಯಾನ್ಸರ್ ಬಗ್ಗೆ ಗೊತ್ತಿರುವವರು ಹೇಳಿ

ಬ್ರಿಸ್ಬೇನ್_ಹಾಸನ:
ಎಲ್ಲರಿಗೂ ನಮಸ್ಕಾರ. ನಾವು ಹಾಸನದ ಕಡೆಯವರು, ಈಗಿರುವುದು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ. ನಮ್ಮಲ್ಲಿ ಶುಗರ್ ಹೇಗೋ ಇಲ್ಲಿ ಚರ್ಮದ ಕ್ಯಾನ್ಸರ್ ಹಾಗೆ, ಯಾರನ್ನು ಕೇಳಿದರೂ ಮನೆಯಲ್ಲಿ ಒಬ್ಬರಿಗಾದರೂ ಆಗಿರುತ್ತದೆ. ಇಲ್ಲಿನವರಲ್ಲಿ ಮೂವರಲ್ಲಿ ಇಬ್ಬರಿಗೆ 70 ವರ್ಷ ತುಂಬುವುದರೊಳಗೆ ಯಾವುದಾದರೂ ಒಂದು ಬಗೆಯ ಚರ್ಮದ ಕ್ಯಾನ್ಸರ್ ಬರುತ್ತದೆ ಅಂತ ಲೆಕ್ಕ. ಆಫೀಸಿನಲ್ಲಿ ಮೂಗಿನ ಮೇಲೋ ಕಿವಿಯ ಅಂಚಿಗೋ ಹೊಲಿಗೆ ಹಾಕಿಸಿಕೊಂಡು ಬರುವವರು ಇದ್ದೇ ಇರುತ್ತಾರೆ. ಮಗಳ ಶಾಲೆಯಲ್ಲಿ ಟೋಪಿ ತರದ ಮಕ್ಕಳನ್ನು ಆಟಕ್ಕೆ ಬಿಡುವುದಿಲ್ಲ.

ಅಪ್ಪ ಅಮ್ಮ ಬೇಸಿಗೆಗೆ ಇಲ್ಲಿಗೆ ಬರುತ್ತಿದ್ದಾರೆ. ಅಪ್ಪನ ಜೀವಮಾನವೆಲ್ಲ ಗದ್ದೆಯಲ್ಲೇ ಕಳೆದದ್ದು. ಸನ್‌ಸ್ಕ್ರೀನ್ ವಿಷಯ ಎತ್ತಿದರೆ "ಬಿಸಿಲೇನು ನಮಗೆ ಹೊಸದೇನಪ್ಪಾ" ಅನ್ನುತ್ತಾರೆ. ನನ್ನ ಪ್ರಶ್ನೆ ಇಷ್ಟು. ಬಿಳಿಯರಿಗೆ ಹೇಳುವ ನಿಯಮಗಳೆಲ್ಲ ನಮಗೂ ಲಾಗೂ ಆಗುತ್ತವಾ? ಅಪ್ಪನನ್ನು ಒಂದು ಸಲ ಇಲ್ಲಿ ಸ್ಕಿನ್ ಚೆಕ್‌ಗೆ ಕರೆದುಕೊಂಡು ಹೋಗಬೇಕಾ? ಅವರ ಕತ್ತಿನ ಹಿಂಭಾಗದ ಚರ್ಮ ದಪ್ಪಗಾಗಿ ಗೆರೆ ಬಿದ್ದಿದೆ. ಅದು ವಯಸ್ಸಿಗೆ ಆದದ್ದೋ ಬಿಸಿಲಿಗೆ ಆದದ್ದೋ ತಿಳಿಯುತ್ತಿಲ್ಲ.

ಗದ್ದೆಬದು:
ನಿಮ್ಮ ತಂದೆ ಹೇಳಿದ್ದು ಸರಿ ಇದೆ ಅಂತ ನನಗೆ ಅನ್ನಿಸುತ್ತದೆ. ಮಂಡ್ಯ ಜಿಲ್ಲೆಯಲ್ಲಿ ಬೇಸಾಯ ಮಾಡುವವನು ನಾನು. ನಮ್ಮ ತಾತ ಮುತ್ತಾತಂದಿರು ಬರಿಮೈಯಲ್ಲಿ ನೇಗಿಲು ಹಿಡಿದವರು. ನಮ್ಮೂರಲ್ಲಿ ಬಾಯಿ ಕ್ಯಾನ್ಸರ್, ಗರ್ಭಕೋಶದ ಕ್ಯಾನ್ಸರ್ ಕೇಳಿದ್ದೇನೆ. ಬಿಸಿಲಿಗೆ ಕ್ಯಾನ್ಸರ್ ಬಂತು ಅಂತ ಯಾರೂ ಹೇಳಿದ್ದು ಕೇಳಿಲ್ಲ. ಈಗ ಟಿವಿಯಲ್ಲಿ ಎರಡು ನಿಮಿಷಕ್ಕೊಂದು ಕ್ರೀಮಿನ ಜಾಹೀರಾತು. ಭಯ ಹುಟ್ಟಿಸಿ ಮಾರುವುದು ಬೇಡ ಅನ್ನುವುದಷ್ಟೇ ನನ್ನ ಮಾತು.

ಚರ್ಮವೈದ್ಯೆ_ಮೈಸೂರು:
ಇಬ್ಬರಿಗೂ ಒಟ್ಟಿಗೆ ಉತ್ತರ ಕೊಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದಿ.

ಗದ್ದೆಬದು ಅವರ ಮಾತಲ್ಲಿ ನಿಜ ಇದೆ. ನಮ್ಮ ಚರ್ಮದ ಬಣ್ಣ ಕೊಡುವ ಮೆಲನಿನ್ ಬರೀ ಬಣ್ಣ ಅಲ್ಲ, ರಕ್ಷಣೆ ಕೂಡ. ಕಡುಕಪ್ಪು ಚರ್ಮದ ಮೇಲ್ಪದರ ತಾನಾಗಿಯೇ ಸುಮಾರು ಎಸ್‌ಪಿಎಫ್ (ಸನ್‌ಸ್ಕ್ರೀನ್ ಬಿಸಿಲನ್ನು ಎಷ್ಟು ತಡೆಯುತ್ತದೆ ಅಂತ ಹೇಳುವ ಅಂಕಿ) 13ರಷ್ಟು ಕೆಲಸ ಮಾಡುತ್ತದೆ, ಬಿಳಿ ಚರ್ಮದ್ದು 3 ಚಿಲ್ಲರೆ ಅಂತ ಹಿಂದೆಯೇ ಅಳೆದಿದ್ದಾರೆ. ನಾವು ಇವೆರಡರ ನಡುವೆ ಬರುತ್ತೇವೆ. ಹಾಗಾಗಿ ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ಭಾರತದಲ್ಲಿ ಬಿಳಿಯರಿಗಿಂತ ಬಹಳ ಬಹಳ ಕಡಿಮೆ. ಇದನ್ನು ಮುಚ್ಚಿಟ್ಟು ಯಾರಾದರೂ ಹೆದರಿಸಿದರೆ ಅದು ತಪ್ಪು.

ಆದರೆ ಕಡಿಮೆ ಅಂದರೆ ಇಲ್ಲವೇ ಇಲ್ಲ ಅಂತಲ್ಲ. ನನ್ನ ಹತ್ತಿರ ಬರುವವರಲ್ಲಿ ಅರವತ್ತು ದಾಟಿದ ರೈತರು, ರಸ್ತೆ ಬದಿ ತರಕಾರಿ ಮಾರುವ ಹೆಂಗಸರು ಇರುತ್ತಾರೆ. ಮೂಗಿನ ಪಕ್ಕ, ಕಣ್ಣಿನ ಕೆಳಗೆ ಒಂದು ಕಪ್ಪು ಗುಳ್ಳೆ. ಅಂಚು ಮಣಿ ಪೋಣಿಸಿದ ಹಾಗೆ ಹೊಳೆಯುತ್ತದೆ. ನಡುವೆ ಸಣ್ಣ ಹುಣ್ಣು, ಅದರ ಮೇಲೆ ಹಕ್ಕಳೆ. ಹಕ್ಕಳೆ ಉದುರುತ್ತದೆ, ರಕ್ತ ಜಿನುಗುತ್ತದೆ, ಮತ್ತೆ ಹಕ್ಕಳೆ ಕಟ್ಟುತ್ತದೆ. ಮಚ್ಚೆ ಅಂದುಕೊಂಡು ವರ್ಷಗಟ್ಟಲೆ ಬಿಟ್ಟಿರುತ್ತಾರೆ. ಅದು ಬೇಸಲ್ ಸೆಲ್ ಕಾರ್ಸಿನೋಮ ಅನ್ನುವ ಚರ್ಮದ ಕ್ಯಾನ್ಸರ್. ಬಿಳಿಯರಲ್ಲಿ ಸಾಮಾನ್ಯವಾಗಿ ಮುತ್ತಿನ ಬಣ್ಣಕ್ಕೋ ನಸುಗೆಂಪಾಗಿಯೋ ಇರುವ ಈ ಗಡ್ಡೆ ನಮ್ಮಲ್ಲಿ ಹೆಚ್ಚಾಗಿ ಕಪ್ಪಾಗಿರುತ್ತದೆ, ಅದಕ್ಕೇ ಮೋಸ ಹೋಗುತ್ತೇವೆ. ದೇಹದಲ್ಲಿ ಬೇರೆಡೆಗೆ ಹರಡುವುದು ತೀರಾ ಅಪರೂಪ. ಆದರೆ ಇದ್ದ ಜಾಗವನ್ನು ಕೊರೆಯುತ್ತಾ ಹೋಗುತ್ತದೆ. ಬೇಗ ಬಂದರೆ ಚಿಕ್ಕ ಆಪರೇಷನ್, ತಡ ಮಾಡಿದರೆ ಮೂಗಿನ ಭಾಗವೇ ತೆಗೆಯಬೇಕಾಗಬಹುದು.

ಇನ್ನು ತಂದೆಯ ಕತ್ತಿನ ವಿಷಯ. ನೀವು ಬರೆದದ್ದು ಓದಿದರೆ ಬಿಸಿಲಿನ ಕೆಲಸ ಇದ್ದ ಹಾಗೆ ಕಾಣುತ್ತದೆ, ನೋಡದೆ ಖಚಿತ ಹೇಳಲಾರೆ. ವಯಸ್ಸಿನ ಸುಕ್ಕು ಯಾವುದು, ಬಿಸಿಲಿನದು ಯಾವುದು ಅಂತ ಮನೆಯಲ್ಲೇ ನೋಡಬಹುದು. ಅವರ ತೋಳಿನ ಒಳಭಾಗವನ್ನು, ಕಂಕುಳಿನ ಹತ್ತಿರದ್ದನ್ನು, ನೋಡಿ. ಅದಕ್ಕೂ ಅಷ್ಟೇ ವಯಸ್ಸು, ಅಲ್ವಾ? ತೆಳ್ಳಗಾಗಿರುತ್ತದೆ, ಸಡಿಲವಾಗಿರುತ್ತದೆ, ಆದರೆ ನಯವಾಗಿರುತ್ತದೆ. ಅದು ವಯಸ್ಸು. ಅದಕ್ಕೂ ಕತ್ತಿನ ಹಿಂಭಾಗಕ್ಕೂ ಇರುವ ವ್ಯತ್ಯಾಸ ಬಹುಮಟ್ಟಿಗೆ ಬಿಸಿಲಿನದು.

ಬಿಸಿಲಿನಲ್ಲಿ ಯುವಿಬಿ, ಯುವಿಎ ಅಂತ ಎರಡು ಬಗೆಯ ಅತಿನೇರಳೆ (ಯುವಿ) ಕಿರಣ ನಮ್ಮನ್ನು ಮುಟ್ಟುತ್ತವೆ. ಯುವಿಬಿ ಮೇಲ್ಪದರದಲ್ಲೇ ನಿಲ್ಲುತ್ತದೆ, ಜೀವಕೋಶದ ಡಿಎನ್‌ಎಗೆ ನೇರವಾಗಿ ಪೆಟ್ಟು ಕೊಡುತ್ತದೆ. ಜೀವಕೋಶ ಅದನ್ನು ರಿಪೇರಿ ಮಾಡಿಕೊಳ್ಳುತ್ತದೆ. ರಿಪೇರಿ ಆಗದೆ ಉಳಿದದ್ದು ಹತ್ತಾರು ವರ್ಷ ಸೇರುತ್ತಾ ಹೋಗಿ ಕ್ಯಾನ್ಸರ್‌ಗೆ ದಾರಿ ಮಾಡುತ್ತದೆ. ಯುವಿಎ ಇನ್ನೂ ಆಳಕ್ಕೆ ಇಳಿದು ಚರ್ಮವನ್ನು ಬಿಗಿಯಾಗಿ ಹಿಡಿದಿರುವ ಕೊಲಾಜೆನ್ ನಾರನ್ನು ಕಡಿಯುತ್ತದೆ. ಎಲಾಸ್ಟಿನ್ ನಾರು ಗಂಟುಗಂಟಾಗಿ ತುಂಬಿಕೊಳ್ಳುತ್ತದೆ. ಅದೇ ಆ ದಪ್ಪ, ಆಳ ಗೆರೆಯ ಕತ್ತು. ನಮ್ಮ ಬಣ್ಣದವರಲ್ಲಿ ಸುಕ್ಕು ತಡವಾಗಿ ಬರುತ್ತದೆ. ಮೊದಲು ಕಾಣುವುದು ಕಪ್ಪು ಕಲೆ, ಬಂಗು, ಮುಖದಲ್ಲಿ ಬಣ್ಣ ಒಂದೇ ಸಮ ಇಲ್ಲದಿರುವುದು.

ಸ್ಟೀರಿಂಗ್_ಮಾವ:
ಡಾಕ್ಟ್ರೇ, ನಾನು ಬಸ್ ಓಡಿಸಿ ನಿವೃತ್ತಿ ಆದವನು. ನನ್ನ ಬಲಗೈ ಮೊಣಕೈಯಿಂದ ಕೆಳಗೆ ಎಡಗೈಗಿಂತ ಎರಡು ಪಟ್ಟು ಕಪ್ಪು. ಬಲಗೆನ್ನೆಯ ಮೇಲೆ ಚುಕ್ಕೆಗಳೂ ಜಾಸ್ತಿ. ನಮ್ಮ ಡಿಪೋದಲ್ಲಿ ಹಳಬರೆಲ್ಲರದೂ ಹೀಗೇ. ಅರ್ಧ ದಿನ ಗಾಜು ಏರಿಸಿಕೊಂಡೇ ಓಡಿಸುತ್ತಿದ್ದೆವು, ಆದರೂ ಹೇಗೆ ಆಯಿತು?

ಚರ್ಮವೈದ್ಯೆ_ಮೈಸೂರು:
ಮಾವ, ಗಾಜು ಯುವಿಬಿಯನ್ನು ತಡೆಯುತ್ತದೆ, ಯುವಿಎಯನ್ನು ಅಷ್ಟಾಗಿ ತಡೆಯುವುದಿಲ್ಲ. ಮುಂದಿನ ಗಾಜಿನಲ್ಲಿ ಎರಡು ಪದರದ ನಡುವೆ ಪ್ಲಾಸ್ಟಿಕ್ ಹಾಳೆ ಇರುವುದರಿಂದ ಅದು ಪರವಾಗಿಲ್ಲ. ಪಕ್ಕದ ಕಿಟಕಿ ಗಾಜು ಹಾಗಲ್ಲ. 2012ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 69 ವರ್ಷದ ಲಾರಿ ಚಾಲಕರೊಬ್ಬರ ಫೋಟೋ ಬಂದಿತ್ತು. 28 ವರ್ಷ ಲಾರಿ ಓಡಿಸಿದ್ದರು. ಅಲ್ಲಿ ಸ್ಟೀರಿಂಗ್ ಎಡಕ್ಕಿರುವುದರಿಂದ ಕಿಟಕಿ ಎಡಗಡೆ. ಅವರ ಮುಖದ ಎಡಭಾಗದಲ್ಲಿ ಆಳವಾದ ಸುಕ್ಕು, ದಪ್ಪ ಚರ್ಮ. ಬಲಭಾಗ ಎಷ್ಟೋ ವರ್ಷ ಚಿಕ್ಕವರ ಮುಖದ ಹಾಗೆ. ಒಂದೇ ಮನುಷ್ಯನ ಮುಖದಲ್ಲಿ ಎರಡು ವಯಸ್ಸು. ನಮ್ಮಲ್ಲಿ ಸ್ಟೀರಿಂಗ್ ಬಲಕ್ಕಿದೆ, ನಿಮಗೆ ಬಲಕ್ಕೆ ಆಗಿದೆ.

ಕಪ್ಪಾಗಿದ್ದರಿಂದ ತೊಂದರೆ ಇಲ್ಲ. ಒರಟಾಗಿ ಚಕ್ಕೆ ಏಳುವ ಜಾಗ, ವಾಸಿಯಾಗದ ಹುಣ್ಣು ಇದ್ದರೆ ಮಾತ್ರ ತೋರಿಸಿ. ಈಗ ಓಡಿಸುತ್ತಿರುವ ಹುಡುಗರಿಗೆ ತುಂಬುತೋಳು ಅಥವಾ ಕೈಗೆ ಹಾಕುವ ಬಟ್ಟೆಯ ತೋಳು ಸಾಕು ಅಂತ ಹೇಳಿ.

ನರ್ಸ್_ಕ್ವೀನ್ಸ್‌ಲ್ಯಾಂಡ್:
ಬ್ರಿಸ್ಬೇನ್ ಅವರೇ, ನಾನೂ ಇದೇ ರಾಜ್ಯದಲ್ಲಿ ಕೆಲಸ ಮಾಡುತ್ತಿರುವ ಶಿವಮೊಗ್ಗದವಳು. ನಿಮ್ಮಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ ನಂಬೂರ್ ಅಂತ ಒಂದು ಊರಿದೆ. ಸನ್‌ಸ್ಕ್ರೀನ್ ಬಗ್ಗೆ ಜಗತ್ತಿಗೆ ಗೊತ್ತಿರುವ ಗಟ್ಟಿ ಸಂಗತಿಗಳಲ್ಲಿ ಬಹಳಷ್ಟು ಆ ಊರಿನವರಿಂದಲೇ ಬಂದದ್ದು.

1992ರಿಂದ 1996ರವರೆಗೆ ಅಲ್ಲಿನ 1,621 ಜನರನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿದರು. ಒಂದು ಗುಂಪಿಗೆ ದಿನಾ ಬೆಳಿಗ್ಗೆ ತಲೆ, ಕತ್ತು, ತೋಳು, ಕೈಗೆ ಸನ್‌ಸ್ಕ್ರೀನ್ ಹಚ್ಚಿ ಅಂದರು. ಇನ್ನೊಂದು ಗುಂಪಿಗೆ ನಿಮ್ಮ ಅಭ್ಯಾಸ ಹೇಗಿದೆಯೋ ಹಾಗೇ ಇರಿ ಅಂದರು. ದಿನಾ ಹಚ್ಚಿದವರಲ್ಲಿ ಚರ್ಮದ ಇನ್ನೊಂದು ಬಗೆಯ ಕ್ಯಾನ್ಸರ್ ಆದ ಸ್ಕ್ವಾಮಸ್ ಸೆಲ್ ಗಡ್ಡೆಗಳು ಸುಮಾರು 40% ಕಡಿಮೆ ಆದವು. ಡಾಕ್ಟರ್ ಹೇಳಿದ ಬೇಸಲ್ ಸೆಲ್‌ನಲ್ಲಿ ಮಾತ್ರ ಅಂಥ ವ್ಯತ್ಯಾಸ ಸಿಗಲಿಲ್ಲ. ಆಮೇಲೆ ಹತ್ತು ವರ್ಷ ಅವರನ್ನೆಲ್ಲ ಗಮನಿಸಿದಾಗ ದಿನಾ ಹಚ್ಚಿದ ಗುಂಪಿನಲ್ಲಿ 11 ಮೆಲನೋಮ (ಬಣ್ಣ ಕೊಡುವ ಜೀವಕೋಶದಲ್ಲಿ ಹುಟ್ಟುವ, ಹರಡುವ ಅಪಾಯ ಹೆಚ್ಚಿರುವ ಚರ್ಮದ ಕ್ಯಾನ್ಸರ್), ಇನ್ನೊಂದರಲ್ಲಿ 22.

ಸುಕ್ಕನ್ನು ಅಳೆದ ರೀತಿ ನನಗೆ ಬಹಳ ಇಷ್ಟ. ಕೈಯ ಹಿಂಭಾಗಕ್ಕೆ ಸಿಲಿಕೋನ್ ಅಂಟು ಹಾಕಿ ಅಚ್ಚು ತೆಗೆದರು. ಚರ್ಮದ ಸಣ್ಣ ಸಣ್ಣ ಗೆರೆಗಳೆಲ್ಲ ಅದರಲ್ಲಿ ಮೂಡುತ್ತವೆ. ಶುರುವಿನಲ್ಲೊಂದು, ನಾಲ್ಕೂವರೆ ವರ್ಷದ ನಂತರ ಇನ್ನೊಂದು. ಯಾರ ಅಚ್ಚು ಅಂತ ಗೊತ್ತಿಲ್ಲದವರು ನೋಡಿ ಅಂಕ ಕೊಟ್ಟರು. ದಿನಾ ಹಚ್ಚಿದವರ ಕೈ ಮುಪ್ಪಾದದ್ದು 24% ಕಡಿಮೆ. ಇದು 2013ರಲ್ಲಿ ಪ್ರಕಟವಾಯಿತು. ಆಗ ಕೊಟ್ಟದ್ದು ಎಸ್‌ಪಿಎಫ್ 15-16ರ ಸಾಧಾರಣ ಕ್ರೀಮು. ಅಂದರೆ ದುಬಾರಿ ಡಬ್ಬಿಗಿಂತ ದಿನಾ ಹಚ್ಚುವುದು ಮುಖ್ಯ.

ಅವರು ಹೆಚ್ಚು ಕಡಿಮೆ ಎಲ್ಲರೂ ಬಿಳಿಯರು. ಆದ್ದರಿಂದ ಕ್ಯಾನ್ಸರ್ ಅಂಕಿಗಳನ್ನು ನಮಗೆ ಹಾಗೇ ಹೊಂದಿಸಬಾರದು.

ನಿಮ್ಮ ತಂದೆ ತಾಯಿಗೆ ಒಂದು ಮಾತು. ಇಲ್ಲಿ ಹವಾಮಾನ ಇಲಾಖೆಯ ಆಪ್‌ನಲ್ಲಿ ಯುವಿ ಸೂಚ್ಯಂಕ, ಅಂದರೆ ಆ ಹೊತ್ತಿಗೆ ಯುವಿ ಎಷ್ಟು ಜೋರಿದೆ ಅನ್ನುವ ಅಂಕಿ, ಬರುತ್ತದೆ. 3 ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಕ್ಷಣೆ ಬೇಕು ಅನ್ನುವುದು ಇಲ್ಲಿನ ನಿಯಮ. ಬ್ರಿಸ್ಬೇನ್ ಬೇಸಿಗೆಯ ಮಧ್ಯಾಹ್ನ 11 ದಾಟುವುದು ಮಾಮೂಲು. ಸೆಕೆ ನೋಡಿ ಅಳೆಯಬೇಡಿ. ಸಮುದ್ರದ ಗಾಳಿಗೆ ಹಾಯ್ ಅನ್ನಿಸುವಾಗಲೂ ಯುವಿ ಅಷ್ಟೇ ಇರುತ್ತದೆ.

ಮಲ್ಲೇಶ್ವರಂ_ಮಾಧವಿ:
ಕೊನೆಯ ಮಾತು ಬೆಂಗಳೂರಿನವರೂ ಓದಬೇಕು. ಇಲ್ಲಿ ತಂಪು ಗಾಳಿ, ಮೋಡ, ಮೇಲಾಗಿ 900 ಮೀಟರ್ ಎತ್ತರ. ಮೇಲಕ್ಕೆ ಹೋದಷ್ಟೂ ಯುವಿ ಹೆಚ್ಚು, ಸಾವಿರ ಮೀಟರಿಗೆ ಸುಮಾರು 10%. ಮಾರ್ಚ್, ಏಪ್ರಿಲ್ ಮಧ್ಯಾಹ್ನ ಇಲ್ಲೂ 11 ದಾಟುತ್ತದೆ. ತೆಳು ಮೋಡ ಇದ್ದರೂ ಮುಕ್ಕಾಲು ಪಾಲು ಯುವಿ ಕೆಳಗೆ ಇಳಿಯಬಹುದು. ಆಪ್ ಇಲ್ಲದವರು ನೆರಳು ನೋಡಿ. ನಿಮ್ಮ ನೆರಳು ನಿಮಗಿಂತ ಗಿಡ್ಡ ಆಗಿದ್ದರೆ ಆ ಹೊತ್ತಿನ ಬಿಸಿಲು ಜೋರು.

ದಾವಣಗೆರೆ_ಅಕ್ಕ:
ನನ್ನದು ಬಂಗಿನ ಸಮಸ್ಯೆ. ಎರಡನೇ ಹೆರಿಗೆ ಆದ ಮೇಲೆ ಎರಡೂ ಕೆನ್ನೆಗೆ ಬಂತು. ಮೆಡಿಕಲ್ ಸ್ಟೋರ್‌ನವರು ಒಂದು ಟ್ಯೂಬ್ ಕೊಟ್ಟರು. ಮೊದಲು ಬೆಳ್ಳಗಾಯಿತು, ಎಲ್ಲರೂ ಹೊಗಳಿದರು. ಬಿಟ್ಟ ಕೂಡಲೇ ದುಪ್ಪಟ್ಟಾಯಿತು. ಈಗ ಬಿಸಿಲಿಗೆ ಹೋದರೆ ಮುಖ ಉರಿಯುತ್ತದೆ, ಕೆಂಪು ನರ ಕಾಣುತ್ತದೆ. ಸನ್‌ಸ್ಕ್ರೀನ್ ಹಚ್ಚಿದರೂ ಬಂಗು ಕಡಿಮೆ ಆಗಿಲ್ಲ. ಮನೆಯಲ್ಲಿ ಅತ್ತೆ "ಹೊರಗೆ ಹೋಗಬೇಡ, ಇನ್ನೂ ಕಪ್ಪಾಗ್ತೀಯ" ಅಂತ ದಿನಾ ಹೇಳುತ್ತಾರೆ. ಮನಸ್ಸಿಗೆ ಬಹಳ ಬೇಜಾರಾಗುತ್ತದೆ.

ಚರ್ಮವೈದ್ಯೆ_ಮೈಸೂರು:
ಅಕ್ಕ, ಮೊದಲು ಆ ಟ್ಯೂಬಿನ ಮೇಲೆ ಬರೆದಿರುವ ಔಷಧದ ಹೆಸರು ಓದಿ. ಬೆಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸಾಲ್ ಅಂತಿದ್ದರೆ ಅದು ಸ್ಟೀರಾಯ್ಡ್. ವೈದ್ಯರ ಚೀಟಿ ಇಲ್ಲದೆ ಮುಖಕ್ಕೆ ತಿಂಗಳುಗಟ್ಟಲೆ ಹಚ್ಚುವಂಥದ್ದೇ ಅಲ್ಲ. ಚರ್ಮ ತೆಳ್ಳಗಾಗುತ್ತದೆ, ಬಿಸಿಲು ತಡೆಯುವ ಶಕ್ತಿ ಕುಂದುತ್ತದೆ. ನೀವು ಹೇಳಿದ ಉರಿ, ಕೆಂಪು ನರ ಅದರದ್ದೇ ಲಕ್ಷಣ. ಹತ್ತಿರದ ಚರ್ಮ ವೈದ್ಯರಲ್ಲಿ ಹೋಗಿ ಟ್ಯೂಬ್ ತೋರಿಸಿ. ನಿಮ್ಮ ತಪ್ಪೇನೂ ಇಲ್ಲ. ಇಂಥ ಮುಖಗಳನ್ನು ನಾವು ದಿನಾ ನೋಡುತ್ತೇವೆ.

ಸನ್‌ಸ್ಕ್ರೀನ್ ಹಚ್ಚಿದರೂ ಬಂಗು ಇಳಿಯದಿರುವುದಕ್ಕೆ ಕಾರಣ ಇದೆ. ನಮ್ಮ ಬಣ್ಣದ ಚರ್ಮದಲ್ಲಿ ಯುವಿ ಮಾತ್ರ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಹೆಚ್ಚಿಸುತ್ತದೆ. ಬರೀ ಯುವಿ ತಡೆಯುವ ಕ್ರೀಮು ಅದನ್ನು ತಡೆಯುವುದಿಲ್ಲ. ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ್ದೇ ಆದ ಸನ್‌ಸ್ಕ್ರೀನ್ ಸಿಗುತ್ತದೆ, ಟಿಂಟೆಡ್ ಅಂತ ಕೇಳಿ. ಅಳತೆಯೂ ಮುಖ್ಯ. ಮುಖ, ಕತ್ತು, ಕಿವಿಗೆ ಸೇರಿ ಒಂದು ಟೀ ಚಮಚ ಬೇಕು. ಹೆಚ್ಚಿನವರು ಅದರ ಕಾಲು ಭಾಗ ಹಚ್ಚುತ್ತಾರೆ, ಆಗ ಡಬ್ಬಿಯ ಮೇಲಿನ ನಂಬರ್ ಲೆಕ್ಕಕ್ಕೆ ಬರುವುದಿಲ್ಲ.

ಅತ್ತೆಯವರ ಮಾತಿನ ಬಗ್ಗೆಯೂ ಹೇಳಬೇಕು. ನಮ್ಮಲ್ಲಿ ಬಿಸಿಲಿಗೆ ಹೆದರುವುದೆಲ್ಲ ಬಣ್ಣಕ್ಕೆ. ಕಪ್ಪಾದರೆ ಮದುವೆ ಆಗಲ್ಲ, ಫೋಟೋದಲ್ಲಿ ಚೆನ್ನಾಗಿ ಬರಲ್ಲ. ಅದೇ ಮನೆಯಲ್ಲಿ ಅಜ್ಜಿಯ ಮೂಗಿನ ಮೇಲೆ ವರ್ಷದಿಂದ ಒಣಗದ ಹುಣ್ಣಿದ್ದರೆ ಯಾರೂ ಕೇಳುವುದಿಲ್ಲ. ಬಣ್ಣ ಕಾಯಿಲೆ ಅಲ್ಲ, ಹುಣ್ಣು ಕಾಯಿಲೆ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು.

ಗದ್ದೆಬದು:
ಒಂದು ಟೀ ಚಮಚ ಅಂದರೆ 50 ಗ್ರಾಮಿನ ಟ್ಯೂಬ್ ಹತ್ತು ದಿನಕ್ಕೆ ಖಾಲಿ. ನಮ್ಮೂರಲ್ಲಿ ನಾಟಿ ಮಾಡುವ ಹೆಣ್ಣಾಳು ತಿಂಗಳಿಗೆ ಮೂರು ಟ್ಯೂಬ್ ಎಲ್ಲಿಂದ ತರುತ್ತಾಳೆ ಮೇಡಂ? ಬೆವರಿಗೆ ಅರ್ಧ ಗಂಟೆಯಲ್ಲಿ ಇಳಿದು ಕಣ್ಣು ಉರಿಯುತ್ತದೆ. ಅವರಿಗೆ ಏನು ಹೇಳುತ್ತೀರಿ? ಇನ್ನೊಂದು, ನಮ್ಮ ಪಕ್ಕದ ಮನೆಯವರಿಗೆ ಬಿಸಿಲಿಗೆ ಹೋದರೆ ಮುಖ, ಕಣ್ಣುರೆಪ್ಪೆ, ಕತ್ತೆಲ್ಲ ದಪ್ಪಗಾಗಿ ವಿಪರೀತ ಕೆರೆತ. ಇದೂ ಬಿಸಿಲಿನದ್ದಾ?

ಚರ್ಮವೈದ್ಯೆ_ಮೈಸೂರು:
ಒಳ್ಳೆಯ ಪ್ರಶ್ನೆ ಸರ್. ಹೊಲದಲ್ಲಿ ದುಡಿಯುವವರಿಗೆ ನಾನು ಕ್ರೀಮು ಬರೆಯುವುದೇ ಇಲ್ಲ. ಬಟ್ಟೆ ಹೇಳುತ್ತೇನೆ. ಗಂಡನ ಹಳೆಯ ತುಂಬುತೋಳಿನ ಅಂಗಿಯನ್ನು ಸೀರೆಯ ಮೇಲೆ ಹಾಕಿಕೊಂಡು ಕೆಲಸ ಮಾಡುವ ಹೆಂಗಸರನ್ನು ನೀವೇ ನೋಡಿರುತ್ತೀರಿ. ಅದಕ್ಕಿಂತ ಒಳ್ಳೆಯ ಸನ್‌ಸ್ಕ್ರೀನ್ ಇಲ್ಲ. ಒತ್ತಾದ ನೇಯ್ಗೆ, ಗಾಢ ಬಣ್ಣ ಚೆನ್ನಾಗಿ ತಡೆಯುತ್ತದೆ. ತೆಳು ಬಿಳಿ ಹತ್ತಿ ಬಟ್ಟೆ ಒದ್ದೆಯಾದರೆ ತಡೆಯುವ ಶಕ್ತಿ ಕಡಿಮೆ. ತಲೆಗೆ ಟವೆಲ್ ಸುತ್ತಿದರೆ ನೆತ್ತಿ ಉಳಿಯುತ್ತದೆ, ಮೂಗು, ಕಿವಿ, ಕೆಳತುಟಿ ಉಳಿಯುವುದಿಲ್ಲ. ಕರಾವಳಿಯ ಹಾಳೆ ಮುಟ್ಟಾಳೆಯದೂ ಅದೇ ಕೊರತೆ, ಅದಕ್ಕೆ ಅಂಚಿಲ್ಲ. ಸುತ್ತಲೂ ಅಗಲ ಅಂಚಿರುವ ಟೋಪಿ ಸಿಕ್ಕರೆ ಒಳ್ಳೆಯದು, ಇಲ್ಲವಾದರೆ ಸೆರಗನ್ನು ಹಣೆಯಿಂದ ಮುಂದಕ್ಕೆ ಎಳೆದು ಕಟ್ಟಿಕೊಳ್ಳಲಿ. ಆಗುವುದಾದರೆ 11ರಿಂದ 3 ಗಂಟೆ ಹೊತ್ತು ಮರದಡಿ ಕೂತು ಮಾಡುವ ಕೆಲಸ.

ಪಕ್ಕದ ಮನೆಯವರದ್ದು ಕಾಂಗ್ರೆಸ್ ಗಿಡದ ಅಲರ್ಜಿ ಇರಬಹುದು. ಪಾರ್ಥೇನಿಯಂ ಒಣಗಿ ಅದರ ಪುಡಿ ಗಾಳಿಯಲ್ಲಿ ಬಂದು ಮುಖಕ್ಕೆ ಕೂರುತ್ತದೆ. ವರ್ಷಗಳು ಕಳೆದಂತೆ ಕೆಲವರಿಗೆ ಬಿಸಿಲೇ ಆಗದ ಹಾಗೆ ಆಗುತ್ತದೆ. ಚರ್ಮಕ್ಕೆ ಅಂಟಿಸಿ ನೋಡುವ ಪ್ಯಾಚ್ ಟೆಸ್ಟ್ ಮಾಡಿದರೆ ಗೊತ್ತಾಗುತ್ತದೆ. ಚಿಕಿತ್ಸೆ ಇದೆ, ಕರೆದುಕೊಂಡು ಹೋಗಿ.

ಈಗ ಎಲ್ಲರಿಗಿಂತ ಮುಖ್ಯವಾದ ಮಾತು. ನಮ್ಮ ಬಣ್ಣದವರಲ್ಲಿ ಅಪಾಯಕಾರಿ ಚರ್ಮದ ಕ್ಯಾನ್ಸರ್‌ಗಳಲ್ಲಿ ಹಲವು ಬಿಸಿಲಿಗೆ ಸಂಬಂಧವೇ ಇಲ್ಲದ ಜಾಗದಲ್ಲಿ ಬರುತ್ತವೆ. ಸುಟ್ಟ ಗಾಯದ ಹಳೆಯ ಕಲೆ, ವರ್ಷಗಟ್ಟಲೆ ಮಾಯದ ಕಾಲಿನ ಹುಣ್ಣು, ಇವುಗಳ ಅಂಚಿನಲ್ಲಿ ಸ್ಕ್ವಾಮಸ್ ಸೆಲ್ ಕ್ಯಾನ್ಸರ್ ಹುಟ್ಟುತ್ತದೆ. ಒಳಲಂಗದ ಲಾಡಿಯನ್ನು ಒಂದೇ ಜಾಗಕ್ಕೆ ಬಿಗಿದು ಬಿಗಿದು ಸೊಂಟದಲ್ಲಿ ಹುಣ್ಣಾಗಿ, ಅದು ಕ್ಯಾನ್ಸರ್ ಆದದ್ದೂ ನಮ್ಮ ದೇಶದಲ್ಲಿ ವರದಿಯಾಗಿದೆ. ಲಾಡಿಗೆ ಬದಲು ಅಗಲ ಪಟ್ಟಿ ಹಾಕಿಸಿ, ಸಡಿಲ ಕಟ್ಟಿ. ಕಾಶ್ಮೀರದಲ್ಲಿ ಚಳಿಗೆ ಕೆಂಡದ ಮಡಕೆ ಕಾಂಗ್ಡಿಯನ್ನು ಮೈಗೆ ಒತ್ತಿಕೊಳ್ಳುವವರ ತೊಡೆ, ಹೊಟ್ಟೆಗೆ ಬರುವುದೂ ಇದೇ ಜಾತಿಯದು.

ಮೆಲನೋಮ ನಮ್ಮಲ್ಲಿ ಹೆಚ್ಚಾಗಿ ಬರುವುದು ಅಂಗಾಲು, ಅಂಗೈ, ಉಗುರಿನ ಕೆಳಗೆ. ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲ್ಬೆರಳಿನ ಉಗುರಿನ ಕೆಳಗೆ ಪತ್ತೆಯಾದದ್ದು ಇದೇ. ಮೊದಲು ಫುಟ್‌ಬಾಲ್ ಆಡುವಾಗ ಆದ ಪೆಟ್ಟು ಅಂದುಕೊಂಡಿದ್ದರು. 1981ರಲ್ಲಿ, 36ನೇ ವಯಸ್ಸಿಗೇ ತೀರಿಕೊಂಡರು. ಉಗುರಿಗೆ ಪೆಟ್ಟು ಬಿದ್ದು ರಕ್ತ ಕಟ್ಟಿದ್ದರೆ ಉಗುರು ಬೆಳೆದಂತೆ ಕಪ್ಪು ಕೂಡ ಮುಂದಕ್ಕೆ ಸರಿಯುತ್ತದೆ, ಬುಡದಲ್ಲಿ ತಿಳಿ ಉಗುರು ಬರುತ್ತದೆ. ಬುಡದಿಂದ ತುದಿಯವರೆಗೆ ಕಪ್ಪು ಪಟ್ಟಿ ಹಾಗೇ ಇದ್ದು ಅಗಲವಾಗುತ್ತಿದ್ದರೆ, ಉಗುರಿನ ಬುಡದ ಚರ್ಮಕ್ಕೂ ಕಪ್ಪು ಹಬ್ಬಿದರೆ, ತಡ ಮಾಡಬೇಡಿ.

ಸ್ಟೀರಿಂಗ್_ಮಾವ:
ಇದು ಯಾರೂ ಹೇಳಿರಲಿಲ್ಲ. ನಮ್ಮ ಸಂಘದ ಗುಂಪಿಗೆ ಕಳಿಸುತ್ತೇನೆ.

ಜಯನಗರ_ವಾಕಿಂಗ್:
ಎಲ್ಲರೂ ಬಿಸಿಲು ಬೇಡ ಅಂದರೆ ವಿಟಮಿನ್ ಡಿ ಕಥೆ ಏನು? ನಾನು ಬೆಳಿಗ್ಗೆ ಆರೂವರೆಗೆ ಎಳೆಬಿಸಿಲಲ್ಲಿ ನಡೆಯುತ್ತೇನೆ, ಆದರೂ ರಿಪೋರ್ಟ್‌ನಲ್ಲಿ ಕಡಿಮೆ ಬಂತು.

ಚರ್ಮವೈದ್ಯೆ_ಮೈಸೂರು:
ವಿಟಮಿನ್ ಡಿ ಆಗುವುದು ಯುವಿಬಿಯಿಂದ. ಎಳೆಬಿಸಿಲಲ್ಲಿ ಅದು ಇರುವುದೇ ಕಡಿಮೆ. ಕಿಟಕಿ ಗಾಜಿನ ಹಿಂದೆ ಕೂತರಂತೂ ಸಿಗುವುದೇ ಇಲ್ಲ. ನಡಿಗೆ ಬಿಡಬೇಡಿ, ಅದರ ಲಾಭ ಬೇರೆ. ನಮ್ಮ ಬಣ್ಣಕ್ಕೆ ಬಿಳಿಯರಿಗಿಂತ ಹೆಚ್ಚು ಹೊತ್ತು ಬೇಕು. ಮುಖಕ್ಕೆ ನೆರಳು ಮಾಡಿಕೊಂಡು ಕೈ ಕಾಲಿಗೆ ಸ್ವಲ್ಪ ಹೊತ್ತು ಬಿಸಿಲು ಬೀಳಿಸಿ. ಬಂಗು ಇರುವವರು, ದಿನಾ ಸನ್‌ಸ್ಕ್ರೀನ್ ಹಚ್ಚುವವರು ರಕ್ತ ಪರೀಕ್ಷೆ ಮಾಡಿಸಿ ವೈದ್ಯರು ಹೇಳಿದಷ್ಟು ಮಾತ್ರೆ ತೆಗೆದುಕೊಂಡರೆ ಆಯಿತು. ಅಂಗಡಿಯಲ್ಲಿ ಕೇಳಿ ವಾರ ವಾರ ನುಂಗಬೇಡಿ, ಜಾಸ್ತಿ ಆದರೂ ತೊಂದರೆ.

ತೊನ್ನು ಇರುವವರು ಬಿಳಿ ಜಾಗ ಸುಡದ ಹಾಗೆ ನೋಡಿಕೊಳ್ಳಬೇಕು. ಹುಟ್ಟಿನಿಂದಲೇ ಮೈ, ಕೂದಲೆಲ್ಲ ಬೆಳ್ಳಗಿರುವ ಆಲ್ಬಿನಿಸಂ ಮಕ್ಕಳ ವಿಷಯ ಇನ್ನೂ ಗಂಭೀರ. ಅವರಿಗೆ ಮೆಲನಿನ್ ರಕ್ಷಣೆ ಇಲ್ಲವೆನ್ನುವಷ್ಟು ಕಡಿಮೆ, ಚಿಕ್ಕ ವಯಸ್ಸಿಗೇ ಕ್ಯಾನ್ಸರ್ ಬರಬಹುದು. ನಿಮ್ಮೂರ ಶಾಲೆಯಲ್ಲಿ ಅಂಥ ಮಗು ಇದ್ದರೆ ಪಿಟಿ ಪೀರಿಯಡ್ಡಿನಲ್ಲಿ ನೆರಳಲ್ಲಿ ಕೂರಿಸಲು, ಟೋಪಿ ತುಂಬುತೋಳು ಹಾಕಲು ಬಿಡುವಂತೆ ಮೇಷ್ಟ್ರಿಗೆ ದಯವಿಟ್ಟು ಹೇಳಿ.

ಬ್ರಿಸ್ಬೇನ್_ಹಾಸನ:
ಎಲ್ಲರಿಗೂ ತುಂಬಾ ಧನ್ಯವಾದ. ಅಪ್ಪನಿಗೆ ಫೋನಿನಲ್ಲಿ ಅಂಗಾಲು ನೋಡಿಕೊಳ್ಳಿ ಅಂದೆ. ಅಮ್ಮ ನೋಡಿ ಹೇಳಿದರು. ಬಲ ಹಿಮ್ಮಡಿಯ ಒಳಬದಿಗೆ ಒಂದು ಕಪ್ಪು ಮಚ್ಚೆ ಇದೆಯಂತೆ, ಯಾವಾಗಿನಿಂದ ಅಂತ ಇಬ್ಬರಿಗೂ ಗೊತ್ತಿಲ್ಲ. ಇಲ್ಲಿಗೆ ಬಂದ ಮೇಲೆ ತೋರಿಸಿದರೆ ಸಾಕಾ?

ಚರ್ಮವೈದ್ಯೆ_ಮೈಸೂರು:
ಪ್ರಯಾಣಕ್ಕೆ ಮೊದಲೇ ತೋರಿಸಿ. ಅಂಗಾಲಿನ ಮಚ್ಚೆಗಳಲ್ಲಿ ಹೆಚ್ಚಿನವು ಏನೂ ಅಲ್ಲ, ಗಾಬರಿ ಬೇಡ. ಆದರೆ ಯಾವಾಗಿನದು ಅಂತ ಗೊತ್ತಿಲ್ಲದ್ದನ್ನು ಬಿಟ್ಟು ವಿಮಾನ ಹತ್ತುವುದೂ ಬೇಡ. ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಲಿ. ಡರ್ಮೋಸ್ಕೋಪ್ ಅನ್ನುವ ಭೂತಗನ್ನಡಿ ಇಟ್ಟು ನೋಡುತ್ತಾರೆ, ನೋವಿಲ್ಲ. ಅಂಗಾಲಿನ ಚರ್ಮದಲ್ಲಿ ಬೆರಳಚ್ಚಿನ ಹಾಗೆ ಏಣು (ಉಬ್ಬು), ಗೀರು (ತಗ್ಗು) ಇರುತ್ತವೆ. ಕಪ್ಪು ಬಣ್ಣ ಗೀರಿನ ಉದ್ದಕ್ಕೆ ಇದ್ದರೆ ಸಾಮಾನ್ಯವಾಗಿ ನಿರಪಾಯ, ಏಣಿನ ಮೇಲೆ ಕೂತಿದ್ದರೆ ಬಯಾಪ್ಸಿ, ಅಂದರೆ ಚೂರು ಚರ್ಮ ತೆಗೆದು ಮಾಡುವ ಪರೀಕ್ಷೆ, ಬೇಕಾಗುತ್ತದೆ. ಅದುವರೆಗೆ ಅಮ್ಮನಿಗೆ ಒಂದು ರೂಪಾಯಿ ನಾಣ್ಯ ಪಕ್ಕದಲ್ಲಿಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯಲು ಹೇಳಿ, ದೊಡ್ಡದಾಗುತ್ತಿದೆಯೋ ಇಲ್ಲವೋ ಆಮೇಲೆ ಹೋಲಿಸಿ ನೋಡಬಹುದು. ಕೆರೆಯುವುದು, ಬ್ಲೇಡಿನಲ್ಲಿ ಕೀಳುವುದು, ಸುಣ್ಣ ಹಚ್ಚುವುದು ಯಾವುದೂ ಬೇಡ.

ಬ್ರಿಸ್ಬೇನ್_ಹಾಸನ:
ಸರಿ ಮೇಡಂ. ಸೋಮವಾರ ಅಣ್ಣ ಕರೆದುಕೊಂಡು ಹೋಗುತ್ತಾನೆ. ಏನು ಹೇಳಿದರು ಅಂತ ಇಲ್ಲೇ ಬರೆಯುತ್ತೇನೆ.